ಇಬ್ಬರ ಕಾಮರ್ಸ್ ಕ್ಲಾಸು

೧೯೫೯ ಆಗಸ್ಟ್ ೧೦, ಸೋಮವಾರ

ಇವತ್ತೂ ಮೊದಲ ಬೆಂಚು ನನಗೊಬ್ಬಳಿಗೆ. ಮೂರನೆಯದರಲ್ಲಿ ದೇರಪ್ಪ. ನಡುವಿನ ಬೆಂಚು ಖಾಲಿ — ಮರ್ಯಾದೆಗೆ.

ಜಯಪ್ಪ ಸರ್ ಹಾಜರಿಯ ಐದೂ ನಂಬರ್ ಕೂಗಿದರು. ಒಂದನೇ ನಂಬರ್ ಶ್ರೀಮಂಗಲದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾನೆ. ಎರಡನೆಯವಳಿಗೆ ಮದುವೆಯಾಯಿತು. ಮೂರು ಯಾಕೆ ಬರುತ್ತಿಲ್ಲವೋ ಯಾರಿಗೂ ತಿಳಿಯದು. ಆದರೂ ಕೂಗುತ್ತಾರೆ, ಒಂದು ಕ್ಷಣ ಕಾಯುತ್ತಾರೆ. ನಾಲ್ಕು ದೇರಪ್ಪ. ಐದು ನಾನು.

ಸರ್ ತರೀಕೆರೆಯವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರದಿದ್ದರೆ ನನಗೆ ಈ ಮಡಿಕೇರಿಯ ಚಳಿ ಯಾಕಿರುತ್ತಿತ್ತು ಎಂದು ಮಫ್ಲರಿನೊಳಗಿಂದಲೇ ದೂರುತ್ತಾರೆ. ಇವತ್ತಿನ ಪಾಠ ಲೀಡರ್‌ಶಿಪ್. ಲೀಡರ್ ಎಂದರೆ ತಾನು ಮಾಡುವವನಲ್ಲ, ಎಲ್ಲರೂ ಸೇರಿ ಮಾಡುವಂತೆ ಮಾಡುವವನು. ಇಬ್ಬರನ್ನು ಕೂರಿಸಿಕೊಂಡು ‘ಎಲ್ಲರೂ’ ಎಂದಾಗ ಅವರಿಗೇ ನಗು ಬಂತು.

ಆಗಸ್ಟ್ ೧೯

ಹೊಸದಾಗಿ ಏನಾದರೂ ಒಂದು ವ್ಯಾಪಾರ ಯೋಚಿಸಿಕೊಂಡು ಬನ್ನಿ ಎಂದಿದ್ದರು. ಎದ್ದು ಹೇಳಿದೆ — ನಮ್ಮೂರು ಮಾದಾಪುರದಲ್ಲಿ ಎಲ್ಲರ ಕಿತ್ತಳೆ ಮರದಲ್ಲಿರುವಾಗಲೇ ಗುತ್ತಿಗೆಗೆ ಹೋಗುತ್ತದೆ. ಹತ್ತು ಮನೆಯವರು ಸೇರಿ ನಾವೇ ಪೆಟ್ಟಿಗೆ ತುಂಬಿ, ಊರಿನ ಹೆಸರು ಅಂಟಿಸಿ ಮೈಸೂರಿಗೆ ಕಳಿಸಿದರೆ?

ದೇರಪ್ಪ ಹಿಂದಿನಿಂದ, “ಹತ್ತು ಮನೆಯವ್ರು ಯಾರ ಮಾತು ಕೇಳ್ತಾರೆ? ನಿಮ್ದಾ?” ಎಂದ.

ಕೆಣಕಲು ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು. ಕೂತುಬಿಟ್ಟೆ.

ಇಲ್ಲಿಗೆ ಸೇರುವಾಗ ಅಪ್ಪ ಅಂದದ್ದು ಒಂದೇ ಮಾತು. “ಅಂಗಡಿ ಮಾಡಿಕೆ ಕಾಲೇಜಿಗೆ ಹೋಕಾ?” ಅಂಗಡಿ ಇಡಲು ಕಾಲೇಜು ಬೇಕೇ ಎಂದು. ದೊಡ್ಡಮ್ಮ ನನ್ನ ಪರ ನಿಂತು, ಇಲ್ಲಿನ ತನ್ನ ಮನೆಯಲ್ಲಿ ಇಟ್ಟುಕೊಂಡಳು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಾನೂ ಎರಡನೇ ನಂಬರಿನ ಹಾಗೆ.

ಸೆಪ್ಟೆಂಬರ್ ೭

ಪ್ರಿನ್ಸಿಪಾಲರು ಸರ್‌ಗೆ ಹೇಳಿದರಂತೆ. ಇಬ್ಬರಿರುವ ತನಕ ಸೆಕ್ಷನ್. ದೇರಪ್ಪನೂ ಬಿಟ್ಟರೆ ಒಬ್ಬಳೇ ಹುಡುಗಿಯನ್ನು ಕೂರಿಸಿಕೊಂಡು ಪಾಠ ಮಾಡುವ ಹಾಗಿಲ್ಲ, ಮುಚ್ಚುವುದೇ.

ಅವನು ಬಿಡುವವನೇ. ತಾತ ಸುಬೇದಾರ್, ಚಿಕ್ಕಪ್ಪ ಕ್ಯಾಪ್ಟನ್. ಆರ್ಮಿಯಿಂದ ಕರೆ ಬರುವ ತನಕ ಹೊತ್ತು ಹೋಗಲಿ ಎಂದು ಕಾಮರ್ಸ್.

ದಿನವೂ ಬೆಳಗ್ಗೆ ಅವನ ಸೈಕಲ್ ಮರದ ಕೆಳಗಿದೆಯಾ ಎಂದು ನೋಡುತ್ತೇನೆ. ನೋಡಿದವರು ಬೇರೆ ಏನೋ ಅಂದುಕೊಂಡಾರು.

ಅಕ್ಟೋಬರ್ ೧೨

ಬಂತು. ದೇರಪ್ಪನಿಗೆ ಆರ್ಮಿ ಕರೆ. ಬೆಂಗಳೂರಿನ ಸೆಲೆಕ್ಷನ್ ಬೋರ್ಡ್, ಮುಂದಿನ ತಿಂಗಳು. ಓಟ, ಹಗ್ಗ, ಗೋಡೆ ಹತ್ತುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಹೆದರಿಕೆ ಮಾತಿಗೆ. ಲೀಡರ್‌ಶಿಪ್ ಬಗ್ಗೆ ಕೇಳುತ್ತಾರಂತೆ.

ಕ್ಲಾಸು ಮುಗಿದ ಮೇಲೆ ಖಾಲಿ ಬೆಂಚಿನ ಆಚೆಯಿಂದಲೇ ಕೇಳಿದ. “ಯಮುನಾ, ನೀವು ಸ್ವಲ್ಪ ಹೇಳಿಕೊಡ್ತೀರಾ? ನೀವು ಹೇಳಿದ್ರೆ ತಲೆಗೆ ಹೋಗ್ತದೆ.”

ಇಡೀ ಕಾಲೇಜಿನಲ್ಲಿ ಅವನಿಗೆ ನಾನೇ ಸಿಗಬೇಕೇ. ಹೂಂ ಅಂದೆ. ಯಾಕೆ ಅಂದೆನೋ.

ಅಕ್ಟೋಬರ್ ೧೮, ಭಾನುವಾರ

ದೊಡ್ಡಮ್ಮನ ಜಗಲಿ. ನಾನೊಂದು ತುದಿ, ಅವನೊಂದು ತುದಿ, ನಡುವೆ ದೊಡ್ಡಮ್ಮ ಅವರೆಕಾಯಿ ಸುಲಿಯುತ್ತ. ಆಕೆಯೇ ಬೋರ್ಡ್ ಪ್ರೆಸಿಡೆಂಟ್ ಎಂದು ನೇಮಿಸಿದೆ.

ಕೇಳಿದೆ — ಹತ್ತು ಜನ, ಎರಡು ಹಲಗೆ, ತುಂಬಿದ ಹೊಳೆ. ಏನು ಮಾಡುತ್ತೀರಿ?

“ನಾನೇ ಮೊದ್ಲು ಹಾರ್ತೇನೆ.”

“ಹೊಳೆಗೆ ಸೇತುವೆ ಇಲ್ವಾ?” ಎಂದಳು ಪ್ರೆಸಿಡೆಂಟ್.

ದೇರಪ್ಪ ಜೋರಾಗಿ ನಕ್ಕ. ನಾನು ನಗಲಿಲ್ಲ. ಅವನ ಉತ್ತರ ತಪ್ಪು. ಬೋರ್ಡಿಗೆ ಇದನ್ನೇ ಹೇಳಿದರೆ ವಾಪಸ್ ಕಳಿಸುತ್ತಾರೆ. ವಾಪಸ್ ಬಂದರೆ ಮೂರನೇ ಬೆಂಚಿಗೆ. ನನ್ನ ಕ್ಲಾಸು ಉಳಿಯುತ್ತದೆ. ಚೆನ್ನಾಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತುದಿಗೂ ಬಂದಿತ್ತು…

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಪೂರ್ತಿ ನಂಬಿಕೊಂಡು.

“ನೀವು ಹಾರಿಬಿಟ್ರೆ ಒಂಬತ್ತು ಜನ ಈ ಕಡೆ ನಿಂತು ನಿಮ್ಮನ್ನ ನೋಡ್ತಾರೆ, ಅಷ್ಟೆ,” ಅಂದೆ. “ಮೊದಲು ಯಾರಿಗೆ ಈಜು ಬರ್ತದೆ ಕೇಳಿ. ಯಾರಿಗೆ ಭಯ ಕೇಳಿ. ಭಯ ಇರೋನನ್ನ ಮಧ್ಯಕ್ಕೆ ಹಾಕಿ. ನೀವು ಕೊನೆಗೆ ದಾಟಿ.”

ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ತಾನೇ ಪೂರ್ತಿ ಒಪ್ಪಿಸಿದ. ತಪ್ಪಿಲ್ಲದೆ.

ರಾತ್ರಿ ತಟ್ಟೆ ಹಾಗೇ ಬಿಟ್ಟು ಎದ್ದೆ. ದೊಡ್ಡಮ್ಮ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ನವೆಂಬರ್ ೯

ಬೆಂಗಳೂರಿಗೆ ಹೋದ. ಅಟೆಂಡರ್ ಜವರಪ್ಪ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ, ಪ್ರಿನ್ಸಿಪಾಲರ ಅಪ್ಪಣೆ. ಪಾಠ ಮುಗಿಯುವಷ್ಟರಲ್ಲಿ ಗೊರಕೆ.

ಸರ್ ಐದೂ ನಂಬರ್ ಕೂಗಿದರು. ನಾಲ್ಕಕ್ಕೆ ಉತ್ತರವಿಲ್ಲ. ಇಷ್ಟು ದಿನ ಬೆನ್ನ ಹಿಂದೆ ಒಬ್ಬ ಕೆಮ್ಮುವುದು, ಪೆನ್ಸಿಲ್ ಬೀಳಿಸುವುದು ಎಲ್ಲ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ ೪

ಸೆಲೆಕ್ಟ್ ಆಗಿದ್ದಾನೆ. ಸಂಜೆ ಜಗಲಿಗೆ ಬಂದ. ದೊಡ್ಡಮ್ಮನ ಕಾಲು ಮುಟ್ಟಿ ನಮಸ್ಕರಿಸಿದ. ಅವಳು ಕಾಫಿ ತರಲು ಒಳಗೆ ಹೋದಳು. ಮೊದಲ ಸಲ ನಡುವೆ ಯಾರೂ ಇರಲಿಲ್ಲ.

“ಹೊಳೆ ಪ್ರಶ್ನೆಯೇ ಬಂತು,” ಅಂದ. “ನೀವು ಹೇಳಿದ್ದೇ ಹೇಳ್ದೆ. ಇದನ್ನ ಯಾರಿಂದ ಕಲಿತೆ, ನೀನು ಕಂಡ ಒಳ್ಳೆ ಲೀಡರ್ ಯಾರು ಅಂತ ಕೇಳಿದ್ರು. ನಿಮ್ಮ ಹೆಸ್ರೇ ಬಾಯಿಗೆ ಬಂತು, ಯಮುನಾ. ಹುಡುಗಿ ಹೆಸ್ರು ಹೇಳಿದ್ರೆ ನಗ್ತಾರೆ ಅನ್ನಿಸ್ತು. ತಾತನ ಹೆಸ್ರು ಹೇಳ್ದೆ.”

“ಒಳ್ಳೇದಾಯ್ತು” ಅಂದೆ.

“ತಪ್ಪು ತಿಳ್ಕೊಂಡ್ರಾ?”

“ಇಲ್ಲ.”

ಕಾಫಿ ಬಂತು, ಕುಡಿದ, ಹೋದ. ಸೈಕಲ್ ಬೆಲ್ ತಿರುವಿನ ತನಕ ಕೇಳಿಸಿತು.

ತಪ್ಪು ತಿಳಿದೆ. ಅವನಿಗೆ ಹೇಳಲಿಲ್ಲ ಅಷ್ಟೆ.

ಡಿಸೆಂಬರ್ ೭, ಸೋಮವಾರ

ಬೇಗ ಬರೆಯಬೇಕು. ಊರಿಗೆ ಕರೆದೊಯ್ಯಲು ಬಂದ ಅಪ್ಪ ಒಳಗೆ ನನ್ನ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಾರೆ. ಮಾದಾಪುರದ ಮೇಲೆ ಹೋಗುವ ಸೋಮವಾರಪೇಟೆ ಬಸ್ಸು ಮೂರಕ್ಕೆ.

ಸೆಕ್ಷನ್ ಇವತ್ತಿಗೆ ಮುಗಿಯಿತು. ಕೊನೆಯ ಕ್ಲಾಸು ತೆಗೆದುಕೊಂಡೇ ತೀರುತ್ತೇನೆ ಎಂದು ಸರ್ ಹಠ ಮಾಡಿದರಂತೆ. ಬಾಗಿಲಲ್ಲಿ ಜವರಪ್ಪ, ಎಚ್ಚರವಾಗಿಯೇ ಇದ್ದ. ವರಾಂಡದಲ್ಲಿ ಅಪ್ಪ, ಬೆನ್ನು ಹಾಕಿ ನಿಂತಿದ್ದರು.

ಒಂದು, ಎಂದರು ಸರ್. ಕಾದರು. ಎರಡು. ಮೂರು. ನಾಲ್ಕು ಎಂದಾಗ ಹಿಂದೆ ತಿರುಗಿದೆ, ಗೊತ್ತಿದ್ದೂ.

ಐದು.

ಪ್ರೆಸೆಂಟ್ ಸರ್ ಎಂದೆ. ನನಗೇ ಕೇಳುವಷ್ಟು ಮೆಲ್ಲಗೆ. ಸರ್ ಬರೆದುಕೊಳ್ಳಲಿಲ್ಲ. ವರಾಂಡದ ಕಡೆ ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಕೂಗಿದರು. ಐದು.

ಎದ್ದು ನಿಂತೆ. ಈ ಸಲ ಅಪ್ಪನಿಗೂ ಕೇಳಲಿ ಎಂದು, ನಂಬರ್ ಅಲ್ಲ, ನನ್ನ ಹೆಸರೇ ಹೇಳಿ —

ಅಪ್ಪ ಕರೆಯುತ್ತಿದ್ದಾರೆ. ಆಗ ವರಾಂಡದಿಂದ ತಿರುಗಿ ನೋಡಿದರು, ಅದನ್ನು ಬರೆಯಬೇಕು, ಅವರ ಮುಖ —