ಶನಿವಾರ ನಾಲ್ಕರಿಂದ ಆರು

ಅತ್ತೆಮ್ಮಾ,

ನಿಮಗೆ ಓದು ಬರುತ್ತಿರಲಿಲ್ಲ. ಮದುವೆಯ ಕರೆಯೋಲೆಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲವನ್ನೂ ನಾನೇ ಓದಿ ಹೇಳಬೇಕಿತ್ತು. ಈ ಕಾಗದವನ್ನು ಅಲ್ಲಿ ಮಾವನವರ ಕೈಲಿ ಓದಿಸಿಕೊಳ್ಳಿ. ಅವರು ನಡುನಡುವೆ ನಕ್ಕರೆ ಬೈಯಬೇಡಿ, ನಗುವಂಥದ್ದೂ ಇದರಲ್ಲಿದೆ. ನಿಮ್ಮ ಸೊಸೆ ನಿಮಗೆ ಮೂರು ಸುಳ್ಳು ಹೇಳಿದ್ದಾಳೆ. ಒಂದು ನಿಮಗೆ ಗೊತ್ತು. ಉಳಿದೆರಡನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೇನೆ.

ಮೊದಲನೆಯದು ನೆನಪಿದೆಯಾ? ನಮ್ಮ ಬ್ಯಾಂಕಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಶನಿವಾರ ಕೌಂಟರಿನಲ್ಲಿ ಅರ್ಧ ದಿನ ಕೆಲಸ. "ಸಂಜೆ ಕಂಪ್ಯೂಟರ್ ಟ್ರೈನಿಂಗ್ ಇದೆ ಅತ್ತೆಮ್ಮಾ" ಅಂದುಬಿಟ್ಟೆ. ನೀವೋ, ನಮ್ಮ ಹಸುವಿನ ಹಾಲು ಕೊಳ್ಳಲು ಬಂದವರಿಗೆಲ್ಲ "ನಮ್ ಸುಮಿತ್ರ ಕಂಪ್ಯೂಟ್ರು ಕಲೀತಾವ್ಳೆ" ಎಂದು ಹೇಳಿ ಹಲಸೂರಿನ ಬೀದಿಯಿಡೀ ನನ್ನನ್ನು ಮೆರೆಸಿದಿರಿ. ನಾನು ಹೋಗುತ್ತಿದ್ದುದು ಬೆನ್ಸನ್ ಟೌನಿನ ಒಂದು ಹಳೆಯ ಹಾಲ್‌ಗೆ, ಸ್ವಿಂಗ್ ಡ್ಯಾನ್ಸ್ ಕಲಿಯಲು. ನಿಮ್ಮ ಮಗನಿಗೆ ಗೊತ್ತಿತ್ತು. "ಅಮ್ಮಂಗೆ ನೀನೇ ಹೇಳ್ಕೋ ತಾಯಿ" ಎಂದು ಅವರು ಮೊದಲೇ ಜಾರಿಕೊಂಡಿದ್ದರು.

ಅದನ್ನು ನನಗೆ ಹಚ್ಚಿದವರು ನೋಯೆಲ್ ಅಂಕಲ್. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಪೆನ್ಷನ್ ಸಾಲಿನಲ್ಲಿ ನಿಂತಾಗ ಅವರ ಕಾಲು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. "ಏನ್ ಅಂಕಲ್, ಕಾಲು ನೋವಾ?" ಎಂದು ಕೇಳಿದೆ. "ನೋವಲ್ಲ ಮ್ಯಾಡಂ, ತಲೇಲಿ ಬ್ಯಾಂಡ್ ಬಾರಿಸ್ತಾ ಇದೆ. ಶನಿವಾರ ನಾಲ್ಕಕ್ಕೆ ಬನ್ನಿ, ತೋರಿಸ್ತೀನಿ" ಅಂದರು. ಹೋದೆ. ಟೇಪ್‌ರೆಕಾರ್ಡರಿನಿಂದ ತುತ್ತೂರಿ, ಡ್ರಮ್ಮುಗಳ ಹಳೆಯ ಹಾಡು, ಕಾಲ ಕೆಳಗೆ ಮರದ ಹಲಗೆಯ ನೆಲ. ಜೊತೆಗಾರರ ಕೈ ಹಿಡಿದು ಹಿಂದಕ್ಕೊಂದು ಹೆಜ್ಜೆ, ಮುಂದಕ್ಕೊಂದು, ಆಮೇಲೆ ಗಿರ್ರನೆ ಒಂದು ಸುತ್ತು. ಎರಡು ಗಂಟೆ ಹೊತ್ತು ನನಗೆ ಬ್ಯಾಂಕಾಗಲಿ, ಮನೆಯಾಗಲಿ, ಮಗಳ ಹೋಂವರ್ಕಾಗಲಿ ನೆನಪಾಗಲೇ ಇಲ್ಲ. ಹೊರಗೆ ಬಂದ ಮೇಲೆ ಅದಕ್ಕೆ ನಾಚಿಕೆಯಾಯಿತು. ಮುಂದಿನ ಶನಿವಾರ ಮತ್ತೆ ಹೋದೆ.

ಸಿಕ್ಕಿಬಿದ್ದದ್ದು ಶೂಗಳಿಂದ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಕಪ್ಪು ಶೂಗಳವು. ನೆಲದ ಮೇಲೆ ಹಗುರವಾಗಿ ಜಾರಲಿ ಎಂದು ಅಡಿಗೆ ಮೆತ್ತನೆಯ ಚರ್ಮ ಅಂಟಿಸಿರುತ್ತಾರೆ, ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯುವಂತಿಲ್ಲ. ಹಾಗಾಗಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೆ. ಗೌರಿ ಹಬ್ಬದ ಸೀರೆ ತೆಗೆಯಲು ಹೋದ ನಿಮ್ಮ ಕೈಗೆ ಸಿಕ್ಕಿದ್ದು ಅದು! "ಸೀರೆ ಜೊತೇಲಿ ಮೆಟ್ಟು ಮಡಗೋ ಮನೆ ಯಾವುದೇ ಇದು?" ಎಂದು ನೀವು ಕೂಗಿದ್ದು ಹಿತ್ತಲಿನಲ್ಲಿದ್ದ ನನಗೆ ಕೇಳಿಸಿತು. ನಾನು ಓಡಿ ಬರುವಷ್ಟರಲ್ಲಿ ಶೂ ತಿರುಗಿಸಿ ಅಡಿಯನ್ನು ನೋಡುತ್ತಿದ್ದಿರಿ. "ಇದು ರಸ್ತೆನೇ ಕಂಡಿಲ್ವಲ್ಲೇ. ಏನ್ ಮಾಡ್ತೀಯ ಇದರಾಗೆ?"

ಎಲ್ಲ ಹೇಳಿದೆ. ಗಂಡಸರ ಕೈ ಹಿಡಿದುಕೊಳ್ಳಬೇಕಾಗುತ್ತದೆ ಎಂಬುದನ್ನೂ ಬಚ್ಚಿಡಲಿಲ್ಲ. ನೀವು ಎರಡು ದಿನ ನಾನು ಕೊಟ್ಟ ಕಾಫಿ ಮುಟ್ಟಲಿಲ್ಲ. ಆ ಎರಡು ದಿನ ನಾನು ಏನೇನೋ ಅಂದುಕೊಂಡೆ: ಬಿಟ್ಟುಬಿಡೋಣ, ಬಿಟ್ಟರೆ ಏನು ಮಹಾ, ಆದರೆ ಬಿಟ್ಟರೆ ನಾನು... ಅಷ್ಟರಲ್ಲಿ ಶನಿವಾರ ಬಂತು. ಮೂರೂವರೆಗೆ ನೀವು ಶೂಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಿರಿ.

"ಕುಣಿದಿದ್ದಕ್ಕಲ್ಲ ಕಣೇ, ಸುಳ್ ಹೇಳಿದ್ದಕ್ಕೆ ಸಿಟ್ಟು ಬಂತು. ಹೊಲ ಇದ್ದಾಗ ಸಂಜೆ ಹೊತ್ತು ಬದುವಿನ್ ಮೇಲೆ ಒಬ್ಳೇ ಕುಂತ್ಕೋತಿದ್ದೆ. ಯಾರೂ ಕರೀತಿರ್ಲಿಲ್ಲ. ಹೊಲ ಹೋದ್ಮೇಲೆ ನಂಗೇ ಅಂತ ಒಂದ್ಗಳಿಗೆ ಸಿಕ್ಕಿಲ್ಲ. ನಿಂಗಾದ್ರೂ ಸಿಕ್ಕೈತೆ, ಹೋಗು. ಮುದ್ದೆ ನಾನ್ ತಿರುವ್ತೀನಿ. ಆರಕ್ಕೆ ಬಂದ್ಬುಡು."

ಇಂದಿರಾನಗರದ ಬಡಾವಣೆಗೆ ಹೋದ ಆ ಹೊಲದ ಬಗ್ಗೆ ನೀವು ನನ್ನೆದುರು ಅಷ್ಟು ಮಾತಾಡಿದ್ದು ಅದೊಂದೇ ಸಲ. ಈಗ ನೂರಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ಹುಡುಕುತ್ತೇನೆ, ನೀವು ಕೂತಿದ್ದ ಬದು ಇದರಲ್ಲಿ ಎಲ್ಲಿತ್ತು ಅಂತ.

ಈಗ ಎರಡನೆಯ ಸುಳ್ಳು. ಆ ವರ್ಷ ಡಿಸೆಂಬರಿನಲ್ಲಿ ಹಾಲ್‌ನಲ್ಲಿ ನಮ್ಮ ಕಾರ್ಯಕ್ರಮ. ಹಿಂದಿನ ದಿನ ನೀವು ನನಗೆ ಹೇಳದೆ ಶೂಗಳನ್ನು ಶಿವಾಜಿನಗರಕ್ಕೆ ಒಯ್ದು, ಬಸ್ ಸ್ಟ್ಯಾಂಡ್ ಹತ್ತಿರದ ಚಪ್ಪಲಿ ರಿಪೇರಿ ಸಾಬರಿಂದ ಟೈರಿನ ರಬ್ಬರ್ ಸೋಲ್ ಹಾಕಿಸಿಕೊಂಡು ಬಂದಿರಿ. "ಭಾಳಾ ಜಾರ್ತಿತ್ತು. ಬಿದ್ದು ಸೊಂಟ ಮುರ್ಕೊಂಡ್ರೆ ಬ್ಯಾಂಕಿಗೆ ಯಾರ್ ಹೋಗ್ತಾರೆ?" ಜಾರಲೆಂದೇ ಇದ್ದ ಶೂ ಅತ್ತೆಮ್ಮಾ! ಮರದ ನೆಲದ ಮೇಲೆ ರಬ್ಬರ್ ಕಚ್ಚಿಕೊಂಡುಬಿಡುತ್ತದೆ. ಮೈ ತಿರುಗಿದರೂ ಪಾದ ತಿರುಗುವುದಿಲ್ಲ. ಮೊದಲ ಸುತ್ತಿಗೇ ಮಂಡಿ ಕಳಕ್ಕೆಂದಿತು. ಮುಂದಿನ ಸಾಲಿನಲ್ಲಿ ಕನಕಾಂಬರ ಮುಡಿದು ಕೂತಿದ್ದ ನಿಮ್ಮನ್ನು ನೋಡಿದೆ. ಶೂ ಬಿಚ್ಚಿ ಪಕ್ಕಕ್ಕಿಟ್ಟು ಬರಿಗಾಲಿನಲ್ಲೇ ಕುಣಿದೆ. ಯಾಕೆ ಬಿಚ್ಚಿದೆ ಎಂದು ನೀವು ಕೇಳಿದಾಗ "ನಮ್ಮ ಕಡೆ ಬರಿಗಾಲೇ ಚೆಂದ ಅಲ್ವಾ?" ಅಂದೆ. ನಿಮ್ಮ ಮುಖ ಅರಳಿತು.

ಅದಾದ ಮೇಲೆ ಇನ್ನೊಂದು ಜೊತೆ ಕೊಂಡು ಹಾಲ್‌ನ ಕಪಾಟಿನಲ್ಲಿಟ್ಟೆ. ನಿಮ್ಮ ರಬ್ಬರಿನ ಜೊತೆಯನ್ನು ಪ್ರತಿ ಶನಿವಾರ ಚೀಲದಲ್ಲಿ ಹೊತ್ತುಕೊಂಡು ಹೋಗಿ, ಹಾಗೇ ಹೊತ್ತುಕೊಂಡು ಬಂದೆ. ಎಷ್ಟು ವರ್ಷ! "ರಬ್ಬರ್ ಇನ್ನೂ ಸವೆದೇ ಇಲ್ಲ, ಸಾಬರು ಒಳ್ಳೆ ಮಾಲು ಹಾಕವ್ರೆ" ಎಂದು ನೀವು ಮೆಚ್ಚಿಕೊಂಡಾಗ ನಿಮ್ಮ ಮಗ ನಗು ತಡೆಯಲಾರದೆ ಹಿತ್ತಲಿಗೆ ಓಡುತ್ತಿದ್ದರು.

ಮೂರನೆಯದನ್ನು ಹೇಳುವುದು ಕಷ್ಟ. ಲಕ್ವ ಹೊಡೆದು ನಿಮ್ಮ ಎಡಭಾಗ ಬಿದ್ದುಹೋದ ಮೇಲೆ ನಾನು ಹೋಗುವುದನ್ನು ನಿಲ್ಲಿಸಿದೆ. ಶನಿವಾರ ಗಡಿಯಾರದತ್ತ ಕಣ್ಣು ಮಾಡಿ "ನಾಕಾಯ್ತಲ್ಲೇ" ಎಂದು ನೀವು ತೊದಲುತ್ತಿದ್ದಿರಿ. "ನೋಯೆಲ್ ಅಂಕಲ್ ಮಗನ ಜೊತೆ ಆಸ್ಟ್ರೇಲಿಯಾಕ್ಕೆ ಹೋದ್ರು, ಕ್ಲಾಸ್ ಮುಚ್ಚಿತು" ಅಂದೆ. ಅವರು ಬೆನ್ಸನ್ ಟೌನ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನಾನು ತ್ಯಾಗ ಗೀಗ ಮಾಡಲಿಲ್ಲ, ಹಾಗೆಂದುಕೊಳ್ಳಬೇಡಿ. ನೀವು ಹಾಸಿಗೆ ಹಿಡಿದಿದ್ದ ಆ ಎರಡು ವರ್ಷ ಶನಿವಾರದ ಸಂಜೆ ನಿಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿರುವುದೇ ನನಗೆ ಬೇಕಿತ್ತು. ನಿಜ ಹೇಳಿದ್ದರೆ ನೀವು ಬಿಡುತ್ತಿದ್ದಿರಾ? ಒಂದೇ ಕೈಯಲ್ಲಿ ಚೀಲ ಎತ್ತಿ ನನ್ನನ್ನು ಹೊರಗೆ ಕಳಿಸುತ್ತಿದ್ದಿರಿ.

ನೀವು ಹೋದ ಮೇಲೆ ಮಾತ್ರ ಶನಿವಾರ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಸಮಯವಿತ್ತು. ಬಾಗಿಲಲ್ಲಿ ಚೀಲ ಹಿಡಿದು ನಿಲ್ಲುವವರಿರಲಿಲ್ಲ. ಇನ್ನು ಮುಗಿಯಿತು, ಆ ಎರಡು ಗಂಟೆ ನಿಮ್ಮ ಜೊತೆಗೇ ಹೋಯಿತು ಎಂದುಕೊಂಡಿದ್ದೆ. ನಿಮ್ಮ ವರ್ಷದ ತಿಥಿ ಮುಗಿದ ಮರುವಾರ ಇವರು ಅಟ್ಟ ಹತ್ತಿ ಅದೇ ಚೀಲ ಇಳಿಸಿದರು. "ಹೋಗೇ. ಅಮ್ಮ ಇದ್ದಿದ್ರೆ ಇಷ್ಟ್ ಹೊತ್ತಿಗೆ ಬೈದಿರೋರು. ಮುದ್ದೆ ನಾನ್ ನೋಡ್ಕೋತೀನಿ" ಅಂದರು. ಮುದ್ದೆ! ಇವರು!

ಹೋದೆ. ಈಗ ನೀವು ಕೇಳಿರದ ಸುದ್ದಿ. ಕಪಾಟಿನಲ್ಲಿದ್ದ ನನ್ನ ಇನ್ನೊಂದು ಜೊತೆಯನ್ನು ಇಲಿ ತಿಂದು ಹಾಕಿತ್ತು. ಮರದ ನೆಲಕ್ಕೆ ಗೆದ್ದಲು ಹಿಡಿದು, ಅದನ್ನು ಕಿತ್ತು ಮುಖ ಕಾಣುವಂಥ ನುಣುಪು ಟೈಲ್ಸ್ ಹಾಕಿಸಿದ್ದರು. ಅದರ ಮೇಲೆ ಚರ್ಮದ ಸೋಲ್ ನಿಲ್ಲುವುದೇ ಇಲ್ಲ. ಇಬ್ಬರು ಬಿದ್ದಿದ್ದರಂತೆ, ನೋಯೆಲ್ ಅಂಕಲ್ ಸುತ್ತುವುದನ್ನೇ ನಿಲ್ಲಿಸಿಬಿಟ್ಟಿದ್ದರು. ನನ್ನ ಬಳಿ ಇದ್ದುದು ನಿಮ್ಮ ಟೈರಿನ ಸೋಲ್ ಒಂದೇ. ಹಾಕಿಕೊಂಡು ಹೆದರಿ ಹೆದರಿ ಒಂದು ಸುತ್ತು ಹಾಕಿದೆ. ತಿರುಗಬೇಕಾದಷ್ಟು ತಿರುಗಿತು ಅತ್ತೆಮ್ಮಾ, ನಿಲ್ಲಬೇಕಾದಲ್ಲಿ ನಿಂತಿತು.

ಅಂಕಲ್ ಬಗ್ಗಿ ನನ್ನ ಕಾಲೆತ್ತಿಸಿ ನೋಡಿದರು. "ಯಾರ್ ಮಾಡಿದ್ದು ಇದನ್ನ?"

"ನಮ್ಮತ್ತೆ."

"ಅವರೂ ಡ್ಯಾನ್ಸರಾ?"

"ಇಲ್ಲ ಅಂಕಲ್, ಬೇಸಾಯ ಮಾಡ್ತಿದ್ರು."

ಮುಂದಿನ ಶನಿವಾರದೊಳಗೆ ಏಳು ಜನ ಶಿವಾಜಿನಗರದ ಸಾಬರ ಮುಂದೆ ಸಾಲು ನಿಂತಿದ್ದರು. ಹಾಲ್‌ನಲ್ಲಿ ಈಗ ಹೊಸದಾಗಿ ಸೇರಿದವರಿಗೆಲ್ಲ ಅಂಕಲ್ ಮೊದಲು ಹೇಳುವುದು ಒಂದೇ: "ಸುಮಿತ್ರಾ ಮದರ್-ಇನ್-ಲಾ ಸೋಲ್ ಹಾಕಿಸ್ಕೊಂಡ್ ಬನ್ನಿ, ಆಮೇಲೆ ಡ್ಯಾನ್ಸ್." ನಾನು ಬಾಯಿ ಮುಚ್ಚಿಕೊಂಡು ಅಳಲಿಲ್ಲ, ಎಲ್ಲರೆದುರೂ ಜೋರಾಗಿ ಅತ್ತೆ. ಆಮೇಲೆ ಆರರವರೆಗೂ ಕುಣಿದೆ.

ಇನ್ನು ಶನಿವಾರಕ್ಕೆ ಸುಳ್ಳು ಬೇಕಾಗಿಲ್ಲ. ನಿಮ್ಮ ಮಗನ ಮುದ್ದೆಯಲ್ಲಿ ಗಂಟು ಇರುತ್ತದೆ, ನಾನೂ ಮಗಳೂ ಮಾತಾಡದೆ ನುಂಗುತ್ತೇವೆ. ಅವರೀಗ ಒಲೆಯ ಮೇಲೆ ಎಸರಿಟ್ಟು ಬಂದು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮೂರೂವರೆ ಆಯಿತು.

ಹೋಗಿ ಬರಲಾ ಅತ್ತೆಮ್ಮಾ? ಆರಕ್ಕೆ ಬಂದುಬಿಡುತ್ತೇನೆ.

ನಿಮ್ಮ ಸುಮಿತ್ರ