ನಲವತ್ತೊಂದಕ್ಕೆ ಹಲ್ಲಿನ ತಂತಿ

ಮಾರ್ಚ್ ೧೪, ಗುರುವಾರ

ಹಲ್ಲಿಗೆ ತಂತಿ ಹಾಕಿಸಿಕೊಂಡು ನೇರ ಫೋಟೋ ಸ್ಟುಡಿಯೋಗೆ ಕೆಲಸಕ್ಕೆ ಹೋದದ್ದೇ ತಪ್ಪಾಯಿತು. ನಲವತ್ತೊಂದು ವರ್ಷದ ಹೆಂಗಸಿನ ಬಾಯಿ ಇವತ್ತು ಎಲ್ಲರಿಗೂ ಪುಕ್ಕಟೆ ತಮಾಷೆ. ಮಾಲೀಕ, ಆ ಬೋಳುತಲೆಯ ಮಹಾಶಯ, ಕುರ್ಚಿ ಎಳೆದುಕೊಂಡು ಬಂದು ಎದುರಿಗೇ ಕೂತ.

"ಈ ವಯಸ್ಸಲ್ಲಿ ಯಾರಿಗೆ ತೋರಿಸೋಕಮ್ಮಾ? ಫೋಟೋದಲ್ಲಾದ್ರೆ ಎರಡು ನಿಮಿಷಕ್ಕೆ ನೀನೇ ಸರಿಮಾಡ್ತೀಯಲ್ಲ!"

ಅಂಗಡಿ ಬೋರ್ಡಿನ ಮೇಲಿರುವ ಅವನ ಫೋಟೋಗೆ ತಲೆ ತುಂಬ ಕೂದಲು ಕೊಟ್ಟವಳೂ ನಾನೇ. ಬಾಯಿ ತೆರೆದರೆ ತಂತಿ ಚುಚ್ಚುತ್ತಿತ್ತು, ಬದುಕಿಕೊಂಡ.

ಆಮೇಲೆ ಒಬ್ಬ ಮದುಮಗಳ ತಾಯಿ ನನ್ನ ಬಾಯಿಯನ್ನೇ ನೋಡುತ್ತ, "ಫೋಟೋದಲ್ಲಿ ನಮ್ಮ ಹುಡುಗಿ ಹಲ್ಲೂ ಸ್ವಲ್ಪ ಒಳಗೆ ತಳ್ಳಿಬಿಡಿ" ಎಂದಳು. ಹದಿನೆಂಟು ವರ್ಷದಿಂದ ತಳ್ಳುತ್ತಲೇ ಇದ್ದೇನೆ. ಊರಿನ ಅರ್ಧ ಜನ ಗೋಡೆಯ ಮೇಲೆ ನಗುವುದು ನಾನು ಕೊಟ್ಟ ಹಲ್ಲಿನಲ್ಲಿ. ಥೂ.

ಮನೆಗೆ ಬಂದರೆ ಅಮ್ಮ ಬಾಳೆಹಣ್ಣು ಕಿವುಚಿ ಇಟ್ಟಿದ್ದಳು. ತಂತಿ ನೋಡಿ ಬೈಯಲಿಲ್ಲ. ಗೋಡೆಯಲ್ಲಿದ್ದ ಅಪ್ಪನ ಫೋಟೋ ಕಡೆ ತಿರುಗಿದಳು. ಅಪ್ಪ ತೀರಿಕೊಂಡಾಗ, ಯಾರೂ ಕೇಳದೆಯೇ, ಆ ಫೋಟೋದಲ್ಲಿ ಅವರ ಉಬ್ಬುಹಲ್ಲನ್ನು ನೇರ ಮಾಡಿ ಫ್ರೇಮ್ ಹಾಕಿಸಿದವಳು ನಾನು. ಆರು ವರ್ಷ ಅಮ್ಮ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

"ಅಲ್ಲಿ ಅವರ ನಗು ನೀನು ಅಳಿಸಿಬಿಟ್ಟೆ. ನಿನ್ನ ಬಾಯಲ್ಲಾದ್ರೂ ಇದೆಯಲ್ಲ ಅಂತ ಸುಮ್ಮನಿದ್ದೆ ಕಣೇ" ಅಂದಳು.

ಊಟವಾದ ಮೇಲೆ ಅಪ್ಪನ ಆ ತಿದ್ದದ ಹಳೇ ಫೋಟೋವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ತಿದ್ದಿದ್ದನ್ನು ಮೂಲ ಫೈಲಿನ ಮೇಲೇ ಉಳಿಸಿಬಿಟ್ಟಿದ್ದೇನೆ, ಹಳೆಯದು ಅಳಿಸಿಹೋಗಿದೆ. ಇದೇ ತಪ್ಪಿಗೆ ಹೊಸಬರನ್ನು ಎಷ್ಟು ಸಲ ಉಗಿದಿಲ್ಲ ನಾನು, ದೊಡ್ಡ ಜಾಣೆ. ದವಡೆ ಸಿಡಿಯುತ್ತಿದೆ. ಕನ್ನಡಿಯಲ್ಲಿ ತುಟಿ ಎತ್ತಿ ನೋಡಿಕೊಂಡೆ. ಇನ್ನೂ ಅಪ್ಪನ ಉಬ್ಬುಹಲ್ಲೇ, ಸದ್ಯಕ್ಕೆ.