ಮರಳಲ್ಲಿ ಸಿಕ್ಕ ಚೀಟಿ

ಅಜ್ಜಂಪುರ
ಮಾಘ ಮಾಸ, ೧೯೮೧

ಮಗಳು ವಿಶಾಲಾಕ್ಷಿಗೆ,

ಈ ಕಾಗದ ತಂದ ಕಂಡಕ್ಟರ್ ಅಂಜಿನಪ್ಪನನ್ನು ನಿಲ್ಲಿಸಿಕೊಂಡೇ ಓದು ತಾಯಿ. ಜೇನು ಕಡಿದರೆ ಹಾಕಿಸಿಕೊ ಅಂತ ನಿನ್ನ ಟ್ರಂಕಿನಲ್ಲಿಟ್ಟ ಇಂಜೆಕ್ಷನ್ ಮದ್ದನ್ನು ನಂಬಬೇಡ. ಡಾಕ್ಟ್ರು ತಣ್ಣಗಿಡಿ ಅಂದಿದ್ದಕ್ಕೆ, ನೀನು ಹೊರಡೋವರೆಗೂ ಅದನ್ನ ವೀಳ್ಯದೆಲೆ ಇಡೋ ಹಾಗೆ ನೀರಿನ ಮಡಕೆ ಕೆಳಗಿನ ಒದ್ದೆ ಮರಳಲ್ಲಿ ಹೂತಿಟ್ಟಿದ್ದೆ. ಇವತ್ತು ಮರಳು ಬದಲಾಯಿಸುವಾಗ ಸೀಸೆ ಮೇಲಿನ ಹೆಸರಿನ ಚೀಟಿ ಅದರಲ್ಲೇ ಸಿಕ್ತು. ಹೆಸರಿಲ್ಲದ ಮದ್ದನ್ನು ನೀನಿರೋ ತರೀಕೆರೆಯಲ್ಲಿ ಯಾವ ಕಾಂಪೌಂಡರೂ ಚುಚ್ಚಲ್ಲ. ಹೋದ ಸಲದ ಹಾಗೆ ಗಂಟಲು ಕಟ್ಟಿದರೆ ಇಂಥ ಮದ್ದು ಅಂತ ಹೇಳೋಕೆ ನಿನಗೆ ಬಾಯಿ ಬರಲ್ಲ.

ಹೊಸದು ಬರೆಸಿಕೊಂಡು, ತಂದು, ಹತ್ತಿಯಲ್ಲಿ ಸುತ್ತಿ ಕಳಿಸಿದ್ದೀನಿ. ಡಾಕ್ಟ್ರ ಚೀಟಿ ಜೊತೆಗೇ ಇದೆ. ಎರಡನ್ನೂ ಒಟ್ಟಿಗೆ ಇಟ್ಕೊ, ನೀರು ಸೋಕಿಸಬೇಡ. ಹಳೇದನ್ನು ಈಗಲೇ ಅಂಜಿನಪ್ಪನ ಕೈಗೆ ಕೊಡು. ಅಮ್ಮಂಗೆ ಎಲ್ಲಕ್ಕೂ ಭಯ ಅಂತ ನಗ್ತೀಯ. ನಗು, ಆದರೆ ಕೊಡು.

ಹೊಲಿಗೆ ಕ್ಲಾಸಿನ ಕಿಟಕಿಗೇ ಜೇನು ಕಟ್ಟಿದೆ ಅಂತ ಬರೆದಿದ್ದೆಯಲ್ಲ, ಅಲ್ಲಿಂದ ದೂರ ಕೂತ್ಕೊ. ನಿನ್ನ ರೂಮಿನ ಸರ್ವಮಂಗಳಂಗೆ ಎಲ್ಲ ಹೇಳಿ, ಮದ್ದು ಎಲ್ಲಿದೆ ತೋರಿಸು. ಅವಳು ನಿನ್ನ ನೋಡೋಕೆ ಬರೋ ಗಂಡಿನ ಚಿಕ್ಕಪ್ಪನ ಮಗಳು, ಅವಳ ಮುಂದೆ ಈ ಜೇನಿನ ಕಾಯಿಲೆ ವಿಷಯ ಬಾಯಿ ಬಿಡಬೇಡ ಅಂತ ನಾನೇ ಅಂದಿದ್ದೆ. ಈಗ ನಾನೇ ಹೇಳ್ತಿದ್ದೀನಿ, ಹೇಳು. ಸುದ್ದಿ ಹೋಗಿ ಅವರು ಬರದಿದ್ದರೆ ಬರದಿರಲಿ. ಆ ಊರಲ್ಲಿ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡೋಳು ಅವಳೊಬ್ಬಳೇ.

ಹಳೇ ಸೀಸೆ ಬರೋವರೆಗೂ ಬಸ್ ಸ್ಟ್ಯಾಂಡಲ್ಲೇ ಕೂತಿರ್ತೀನಿ.

ನಿನ್ನ ಅಮ್ಮ,
ತೀರ್ಥಮ್ಮ